ಉಪಕರಣದ ವಿನ್ಯಾಸವೂ ದುಡಿಯುವ ಕೈಯೂ

ಕೊಡಗಿನಲ್ಲಿ ಕಾಳುಮೆಣಸಿನ ಕೊಯ್ಲಿನ ಕಾಲ ಬಂದಿತೆಂದರೆ, ಅದರ ಬೆನ್ನಿಗೇ ಒಂದು ಬಗೆಯ ದುರ್ವಾರ್ತೆಯೂ ಬರುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ಅಲ್ಯುಮಿನಿಯಂ ಏಣಿಯು ತೋಟದ ನಡುವೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿ ಕೂಲಿಕಾರನೊಬ್ಬನು ಮೃತನಾದನೆಂಬ ಸುದ್ದಿಯು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲುಗಳಾಗಿ ಅಚ್ಚಾಗುವುದು. ಓದಿದವರು ಅಯ್ಯೋ ಎನ್ನುವರು. ಕೆಲವು ದಿನಗಳಲ್ಲಿ ಮರೆಯುವರು. ಮತ್ತೊಮ್ಮೆ ಅದೇ ಸುದ್ದಿಯು ಬೇರೊಂದು ಹೆಸರನ್ನು ಹೊತ್ತು ಬರುವುದು. ತಪ್ಪು ಯಾರದೆಂಬ ಮಾತು ಬಂದಾಗ, ಕೂಲಿಕಾರನ ಅಜಾಗರೂಕತೆ, ತಂತಿಯ ತಗ್ಗು, ಮಾಲಿಕನ ಅಲಕ್ಷ್ಯ, ಇವುಗಳಲ್ಲಿ ಯಾವುದಾದರೊಂದನ್ನು ಹೇಳಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಆ ಏಣಿಯನ್ನು ಆ ರೀತಿ ಕಲ್ಪಿಸಿದವರಾರು, ಕಲ್ಪಿಸುವ ಮುನ್ನ ಅದನ್ನು ಹೊತ್ತು ನಡೆಯತಕ್ಕವನನ್ನು ಒಂದು ಮಾತು ಕೇಳಿದ್ದರೇ, ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಇಂದು ನಾವು ಆ ಪ್ರಶ್ನೆಯನ್ನೇ ಎತ್ತಬೇಕೆಂದಿರುವೆವು.

ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಕ್ಕುವ ಚೆಟ್ಟಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿನ ನೆಲವು ಸಮತಟ್ಟಾದುದಲ್ಲ. ಇಳಿಜಾರಿನಲ್ಲಿ ಕಾಫಿಗಿಡಗಳು, ಅವುಗಳ ಮೇಲೆ ನೆರಳಿನ ಮರಗಳು, ಆ ಮರಗಳಿಗೂ ನೆಟ್ಟಗೆ ಬೆಳೆದ ಸಿಲ್ವರ್ ಓಕಿಗೂ ಹಬ್ಬಿದ ಮೆಣಸಿನ ಬಳ್ಳಿಗಳು. ಈ ಬಳ್ಳಿಯನ್ನು ಕೊಯ್ಯುವುದಕ್ಕೆ ನಮ್ಮ ಹಿರಿಯರು ಒಂದೇ ಬಿದಿರಿನಿಂದ ಏಣಿಯನ್ನು ಮಾಡಿಕೊಳ್ಳುತ್ತಿದ್ದರು. ಬಿದಿರು ಮಳೆಗೆ ಕೊಳೆಯುವುದು, ಹುಳು ಹಿಡಿಯುವುದು, ಒಮ್ಮೊಮ್ಮೆ ಮುರಿದು ಆಳನ್ನೂ ಬೀಳಿಸುವುದು, ಇದು ಸುಳ್ಳಲ್ಲ. ಅಲ್ಯುಮಿನಿಯಂ ಏಣಿಯು ಬಂದಾಗ ಹಗುರವೂ ಬಾಳಿಕೆಯುಳ್ಳದ್ದೂ ಆದ ವಸ್ತುವು ಬಂದಿತೆಂದು ಎಲ್ಲರೂ ಸಂತೋಷಪಟ್ಟದ್ದು ಸಹಜವೇ. ವಿನ್ಯಾಸಕಾರನು ತನ್ನ ಮೇಜಿನ ಮೇಲೆ ಭಾರವನ್ನು ಲೆಕ್ಕ ಹಾಕಿದನು, ಬಾಳಿಕೆಯನ್ನು ಲೆಕ್ಕ ಹಾಕಿದನು, ಎರಡರಲ್ಲಿಯೂ ಗೆದ್ದನು. ಆದರೆ ಏಣಿಯನ್ನು ನಿಲುವಾಗಿಯೇ ಎತ್ತಿ ಹಿಡಿದು ಒಂದು ಮರದಿಂದ ಇನ್ನೊಂದು ಮರಕ್ಕೆ ಸಾಗಿಸುವ ಆಳಿನ ದೃಷ್ಟಿಯು, ಜಾರುವ ನೆಲದಲ್ಲಿ ತನ್ನ ಕಾಲು ಎಲ್ಲಿ ಊರುವುದೆಂಬುದರ ಕಡೆಗಿರುತ್ತದೆಯೇ ಹೊರತು, ತಲೆಯ ಮೇಲೆ ಎಲೆಗಳ ಮರೆಯಲ್ಲಿರುವ ತಂತಿಯ ಕಡೆಗಿರುವುದಿಲ್ಲ. ಇದು ಮೇಜಿನ ಮೇಲೆ ಕಾಣತಕ್ಕ ಸಂಗತಿಯಲ್ಲ. ಏಣಿಯನ್ನು ಹೊತ್ತ ಭುಜವು ಮಾತ್ರ ಬಲ್ಲ ಸಂಗತಿ.

ಪೂರ್ವದಲ್ಲಿ ನಮ್ಮ ಊರುಗಳಲ್ಲಿ ಈ ತೊಡಕು ಇಷ್ಟಾಗಿ ಇರಲಿಲ್ಲ. ಕತ್ತಿಯೊಂದು ಬೇಕಾದರೆ ರೈತನು ಕುಲುಮೆಗೆ ಹೋಗುತ್ತಿದ್ದನು. ಕಮ್ಮಾರನು ಅಲಗನ್ನು ಬಡಿದು, ಹಿಡಿಯನ್ನು ಹಾಕಿ, ಅವನ ಕೈಗೆ ಕೊಟ್ಟು, “ಬೀಸಿ ನೋಡಪ್ಪ” ಎನ್ನುತ್ತಿದ್ದನು. ತೂಕ ಮುಂದಕ್ಕೆ ಹೆಚ್ಚಾಯಿತೆಂದರೆ ಇನ್ನಷ್ಟು ತಟ್ಟುತ್ತಿದ್ದನು. ಹಿಡಿ ದಪ್ಪವಾಯಿತೆಂದರೆ ಅಲ್ಲಿಯೇ ಸವರುತ್ತಿದ್ದನು. ವಸ್ತುವು ಇನ್ನೂ ಬಿಸಿಯಾಗಿರುವಾಗಲೇ ಅದನ್ನು ಬಳಸತಕ್ಕವನ ಕೈ ಅಲ್ಲಿ ಹಾಜರಿರುತ್ತಿತ್ತು. ಕೊಡವರ ಒಡಿಕತ್ತಿಯ ಬಾಗನ್ನು ನೋಡಿದವರಿಗೆ, ಅದು ಬೀಸುವ ತೋಳಿನ ಅನುಭವದಿಂದ ರೂಪುಗೊಂಡುದೆಂದು ಬೇರೆ ಹೇಳಬೇಕಾಗಿಲ್ಲ. ಕಾರ್ಖಾನೆಗಳ ಯುಗದಲ್ಲಿ ಈ ಸಂಬಂಧವು ಕಡಿದುಹೋಯಿತು. ಮಾಡುವವನು ಒಂದು ದೇಶದಲ್ಲಿ, ಮಾರುವವನು ಇನ್ನೊಂದು ಪಟ್ಟಣದಲ್ಲಿ, ಹಿಡಿಯುವವನು ಚೆಟ್ಟಳ್ಳಿಯ ಇಳಿಜಾರಿನಲ್ಲಿ. ಮೂವರೂ ಒಬ್ಬರ ಮುಖವನ್ನೊಬ್ಬರು ಕಾಣರು.

ವಸ್ತುವಿನ ವಿನ್ಯಾಸದಲ್ಲಿ ಮೊದಲ ಹಂತವೆಂಬುದು ಅತ್ಯಂತ ಮುಖ್ಯವಾದುದು. ಆಗ ಅದು ಇನ್ನೂ ಕಾಗದದ ಮೇಲಿನ ಗೆರೆ. ಗೆರೆಯನ್ನು ಅಳಿಸುವುದಕ್ಕೆ ವೆಚ್ಚವಿಲ್ಲ. ಅಚ್ಚುಗಳು ಸಿದ್ಧವಾಗಿ, ಲೋಹವು ಎರಕಗೊಂಡು, ಸಾವಿರಾರು ವಸ್ತುಗಳು ಅಂಗಡಿಗೆ ಬಂದ ಮೇಲೆ ತಪ್ಪು ತಿಳಿದುಬಂದರೆ, ಅದನ್ನು ತಿದ್ದುವುದಕ್ಕಿಂತ ತಪ್ಪಿನೊಡನೆಯೇ ಮಾರುವುದು ಲಾಭಕರವಾಗುವುದು. ದುರದೃಷ್ಟವಶಾತ್, ತಿದ್ದುವುದು ಸುಲಭವಾಗಿರುವಾಗ ತಪ್ಪು ಕಾಣುವುದಿಲ್ಲ. ತಪ್ಪು ಕಾಣುವಾಗ ತಿದ್ದುವುದು ಸುಲಭವಲ್ಲ. ಈ ತೊಡಕನ್ನು ಬಿಡಿಸುವುದಕ್ಕೆ ಈ ಕಾಲದ ವಿಜ್ಞಾನವು ಒದಗಿಸಿರುವ ಒಂದು ಸಾಧನದ ಕಡೆಗೆ ನಮ್ಮ ವಾಚಕರ, ಅದರಲ್ಲಿಯೂ ಅಧಿಕಾರಿವರ್ಗದವರ, ಲಕ್ಷ್ಯವನ್ನು ಸೆಳೆಯುವುದೇ ಈ ಲೇಖನದ ಉದ್ದೇಶವು.

ಅದು ವರ್ಚುಯಲ್ ರಿಯಾಲಿಟಿ ಎಂಬುದಾಗಿ ಹೆಸರಾದ ವಿದ್ಯೆ. ಕಣ್ಣಿಗೆ ಕಟ್ಟಿದ ಒಂದು ಯಂತ್ರದೊಳಗೆ ಇಲ್ಲದ ಲೋಕವೊಂದು ಇದ್ದಂತೆಯೇ ತೋರುವುದು. ತಲೆಯನ್ನು ಹೊರಳಿಸಿದತ್ತ ಆ ಲೋಕವೂ ಹೊರಳುವುದು. ನಾವು ಇದನ್ನು ಭಾಸಲೋಕವೆಂದು ಕರೆಯಬಹುದು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಎಂಬ ಪಂಡಿತರು ಇಂತಹ ಯಂತ್ರವನ್ನು ಮೊದಲಿಗೆ ತೋರಿಸಿದಾಗ, ಅದರ ಭಾರವನ್ನು ತಲೆಯು ಹೊರಲಾರದೆ ಚಾವಣಿಯಿಂದ ತೂಗುಹಾಕಬೇಕಾಯಿತು. ಇಂದು ಅದು ಅಂಗಡಿಯಲ್ಲಿ ದೊರೆಯುವ ಸರಕಾಗಿದೆ. ಹುಡುಗರು ಅದರಿಂದ ಆಟವಾಡುತ್ತಿರುವರು. ಇದರ ಜೊತೆಗಾರ್ತಿಯೇ ಹ್ಯಾಪ್ಟಿಕ್ಸ್ ಎಂಬ ಸ್ಪರ್ಶವಿದ್ಯೆ. ಇಲ್ಲದ ವಸ್ತುವನ್ನು ಕೈಗೆ ಮುಟ್ಟಿಸುವುದು ಇದರ ಕೆಲಸ. ಮ್ಯಾಸಚೂಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯ ಮ್ಯಾಸಿ ಮತ್ತು ಸಾಲಿಸ್‌ಬರಿ ಎಂಬವರು 1994ರಲ್ಲಿ ಪ್ರಕಟಪಡಿಸಿದ ಯಂತ್ರದಲ್ಲಿ, ದರ್ಜಿಯ ಅಂಗುಸ್ತಾನದಂತಹ ಒಂದು ಟೊಪ್ಪಿಗೆಯೊಳಗೆ ಬೆರಳನ್ನು ಇಟ್ಟರೆ, ಗಾಳಿಯಲ್ಲಿಯೇ ಗೋಡೆಯು ಎದುರಾದಂತೆ ಬೆರಳಿಗೆ ತಡೆಯುಂಟಾಗುತ್ತಿತ್ತು.

ದೊಡ್ಡ ಉದ್ಯಮಗಳು ಈ ದಾರಿಯನ್ನು ಹಿಡಿದು ಬಹುಕಾಲವಾಯಿತು. 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777 ವಿಮಾನವನ್ನು, ಪೂರ್ಣಗಾತ್ರದ ಮಾದರಿಯನ್ನು ಕಟ್ಟಿ ನೋಡುವ ಹಳೆಯ ಕ್ರಮವನ್ನು ಬಹುಮಟ್ಟಿಗೆ ಕೈಬಿಟ್ಟು, ಕಂಪ್ಯೂಟರಿನಲ್ಲಿಯೇ ಜೋಡಿಸಿ ಪರೀಕ್ಷಿಸಿದರು. ದುರಸ್ತಿಗಾರನ ಕೈ ಎಲ್ಲಿಗೆ ತಲುಪೀತು, ಎಲ್ಲಿಗೆ ತಲುಪದು ಎಂಬುದನ್ನು ಕೂಡ ಕೃತ್ರಿಮ ಮನುಷ್ಯಾಕೃತಿಯೊಂದನ್ನು ಅದರೊಳಗೆ ನಿಲ್ಲಿಸಿ ನೋಡಿದರು. ಮೋಟಾರು ಕಂಪನಿಗಳು ಇನ್ನೂ ಹುಟ್ಟದ ವಾಹನದೊಳಗೆ ಚಾಲಕನನ್ನು ಕೂಡಿಸಿ, ಗಾಜಿನಾಚೆಗೆ ದಾರಿ ಸರಿಯಾಗಿ ಕಾಣುವುದೇ, ಗುಂಡಿಗಳು ಕೈಗೆ ಸಿಕ್ಕುವುವೇ ಎಂದು ವಿಚಾರಿಸುತ್ತಿವೆ. ನಮ್ಮ ಬೆಂಗಳೂರು ಈ ವಿದ್ಯೆಗೆ ಹೊರಗಾಗಿಲ್ಲ. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸ್ತುವಿನ್ಯಾಸ ಹಾಗೂ ತಯಾರಿಕೆಗೆಂದೇ ಒಂದು ವಿಭಾಗವಿದ್ದು, ಭಾಸಲೋಕದ ಪ್ರಯೋಗಗಳು ಅಲ್ಲಿ ನಡೆಯುತ್ತಿವೆ. ಅದೇ ಸಂಸ್ಥೆಯ ಸಂಶೋಧನೆಯಿಂದ ಹುಟ್ಟಿದ ಮಿಮಿಕ್ ಎಂಬ ಉದ್ಯಮವು, ರೋಗಿಯ ದೇಹದೊಳಗೆ ನಳಿಕೆಯನ್ನು ಇಳಿಸಿ ನೋಡುವ ಎಂಡೋಸ್ಕೊಪಿಯನ್ನು ಕಲಿಯುವ ವೈದ್ಯರಿಗಾಗಿ, ಕೈಗೆ ನಿಜವಾದ ತಡೆಯನ್ನು ತೋರುವ ಯಂತ್ರವನ್ನು ರಚಿಸಿದೆ. ಅಂದ ಮೇಲೆ ವಿದ್ಯೆಯೂ ನಮ್ಮಲ್ಲಿದೆ, ವಿದ್ಯಾವಂತರೂ ನಮ್ಮಲ್ಲಿರುವರು. ವೈದ್ಯನ ಬೆರಳಿಗೆ ದೊರೆತ ಈ ಮರ್ಯಾದೆಯು ತೋಟದ ಆಳಿನ ಬೆರಳಿಗೂ ದೊರೆಯಲೆಂಬುದೇ ನಮ್ಮ ವಾದವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾರೆವು. ಈ ಸಾಧನವನ್ನು ಕುರಿತು ಮಾತನಾಡುವವರು ಬಹುಮಂದಿ ಕಣ್ಣಿನ ಸೊಗಸಿಗೆ ಮಾರುಹೋಗುವರು. ಆದರೆ ಉಪಕರಣದ ಗುಣದೋಷಗಳನ್ನು ನಿರ್ಣಯಿಸುವುದು ಕಣ್ಣಲ್ಲ, ಕೈ. ಕಣ್ಣನ್ನು ಒಪ್ಪಿಸುವುದು ಸುಲಭ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸರಿದರೆ ಅದು ಚಲನೆಯೆಂದು ನಂಬುವುದು. ಕೈಯನ್ನು ನಂಬಿಸಬೇಕಾದರೆ ಸ್ಪರ್ಶಯಂತ್ರವು ತನ್ನ ಬಲವನ್ನು ಸೆಕೆಂಡಿಗೆ ಸುಮಾರು 1,000 ಬಾರಿ ತಿದ್ದಿಕೊಳ್ಳಬೇಕಾಗುವುದು. ಇಲ್ಲವಾದರೆ ಗಟ್ಟಿಯಾದ ಗೋಡೆಯೂ ನಡುಗುವ ಹಸಿಮಣ್ಣಿನಂತೆ ತೋರುವುದು. ಅಲ್ಲದೆ ಮೇಜಿನ ಮೇಲಿಡುವ ಸಾಧಾರಣ ಸ್ಪರ್ಶಯಂತ್ರವು ಕೊಡಬಲ್ಲ ಬಲವು ಕೆಲವು ನೂರು ಗ್ರಾಂ ತೂಕಕ್ಕೆ ಸಮನಾದುದು. ಏಳೆಂಟು ಕಿಲೋ ತೂಗುವ ಕಳೆ ಕೊಚ್ಚುವ ಯಂತ್ರದ ಭಾರವನ್ನು ಅದು ತೋರಿಸಲಾರದು. ಭಾರವಿಲ್ಲದ ಯಂತ್ರವನ್ನು ಭಾಸಲೋಕದಲ್ಲಿ ಬೀಸಿ ನೋಡಿ ‘ಚೆನ್ನಾಗಿದೆ’ ಎಂದವನ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ದಾರಿಯೇನು? ದಾರಿಯಿದೆ, ಅದು ಬಹು ಸರಳವಾದುದು. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ ಕಳೆದ ಶತಮಾನದ ಕೊನೆ ಹಾಗೂ ಈ ಶತಮಾನದ ಆರಂಭದ ವರ್ಷಗಳಲ್ಲಿ ಒಂದು ಪ್ರಯೋಗವು ನಡೆಯಿತು. ಕಣ್ಣಿಗೆ ಯಂತ್ರವನ್ನು ಧರಿಸಿದವರಿಗೆ ಕೋಣೆಯ ನಡುವೆ ಆಳವಾದ ಒಂದು ಕುಳಿ ತೋರುವುದು. ನೆಲದ ಮೇಲೆ ನಿಜವಾಗಿ ಇದ್ದುದು ಸುಮಾರು ಒಂದೂವರೆ ಅಂಗುಲ ದಪ್ಪದ ಮರದ ಹಲಗೆ ಮಾತ್ರ. ಆ ಹಲಗೆಯ ಅಂಚನ್ನು ಕಾಲಿನಿಂದ ತಡವಿದವರಿಗೆ ತಾವು ಕುಳಿಯ ಅಂಚಿನಲ್ಲಿಯೇ ನಿಂತಿರುವೆವೆಂಬ ಭಾವನೆಯು ಬಲವಾಯಿತು. ಎದೆಬಡಿತವು ಹಲಗೆಯಿಲ್ಲದೆ ನೋಡಿದಾಗಿನದಕ್ಕಿಂತ ಹೆಚ್ಚಾಯಿತು. ಲಕ್ಷಗಟ್ಟಲೆ ಬೆಲೆಯ ಯಂತ್ರವು ಕೊಡಲಾರದ ನಂಬಿಕೆಯನ್ನು ಒಂದು ತುಂಡು ಹಲಗೆಯು ಕೊಟ್ಟಿತು. ಕಣ್ಣಿಗೆ ಭಾಸವನ್ನೂ ಕೈಕಾಲಿಗೆ ನಿಜವಾದ ಮರವನ್ನೂ ಕೊಡಬೇಕು. ಇದೇ ಇದರ ಗುಟ್ಟು.

ಈ ಗುಟ್ಟನ್ನು ಚೆಟ್ಟಳ್ಳಿಯ ಏಣಿಗೆ ಅನ್ವಯಿಸಿ ನೋಡೋಣ. ಒಂದು ಸಾಧಾರಣ ಕೋಣೆ. ಅದರಲ್ಲಿ ಉದ್ದೇಶಿತ ಏಣಿಯಷ್ಟೇ ತೂಗುವ, ಅದರ ಭಾರವು ನೆತ್ತಿಯ ಕಡೆಗೆ ಎಳೆಯುವಂತೆ ಕಟ್ಟಿದ ಒಂದು ಗಿಡ್ಡ ಕೋಲು. ನೆಲದಿಂದ ಒಂದು ಗೇಣು ಮೇಲೆ ಭದ್ರವಾಗಿ ನಿಲ್ಲಿಸಿದ ಎರಡು ಮೆಟ್ಟಿಲು. ಆಳು ಕಣ್ಣಿಗೆ ಯಂತ್ರವನ್ನು ಧರಿಸಿದೊಡನೆ ತನ್ನದೇ ತೋಟದ ಇಳಿಜಾರು, ಮರ, ಬಳ್ಳಿ, ತಂತಿ ಎಲ್ಲವೂ ಎದುರಿಗೆ ನಿಲ್ಲುವುವು. ಅವನು ಕೋಲನ್ನೆತ್ತಿ ಮರದಿಂದ ಮರಕ್ಕೆ ನಡೆಯುವನು. ಏಣಿಯ ತುದಿಯು ತಂತಿಯ ಸಮೀಪಕ್ಕೆ ಹೋದಾಗಲೆಲ್ಲ ಕೈಯೊಳಗಿನ ಕೋಲು ನಡುಗುವುದು. ಹಾಗೆ ಎಷ್ಟು ಬಾರಿ, ಎಲ್ಲೆಲ್ಲಿ, ಯಾವ ಹೆಜ್ಜೆಯಲ್ಲಿ ಎಂಬುದನ್ನು ಯಂತ್ರವು ಬರೆದುಕೊಳ್ಳುವುದು. ಒಬ್ಬನೂ ಸಾಯದೆ ನೂರು ಅಪಘಾತಗಳು ಆ ಕೋಣೆಯಲ್ಲಿ ನಡೆದುಹೋಗುವುವು. ಏಣಿಯ ಮೇಲ್ಭಾಗವನ್ನು ವಿದ್ಯುತ್ತು ಹಾಯದ ಫೈಬರಿನಿಂದ ಮಾಡಿದರೆ ಭಾರವು ಎಷ್ಟು ಹೆಚ್ಚುವುದು, ಆ ಭಾರವನ್ನು ಈ ಭುಜವು ದಿನವೆಲ್ಲ ಹೊರಲು ಒಪ್ಪುವುದೇ, ಸಾಗಿಸುವಾಗ ಮಡಿಸಿ ಚಿಕ್ಕದಾಗಿಸುವ ಉಪಾಯವು ಇಳಿಜಾರಿನಲ್ಲಿ ಒಂಟಿ ಕೈಗೆ ಸಾಧ್ಯವೇ, ಇವೆಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಬದಲಿಸಿ ಬದಲಿಸಿ ನೋಡಬಹುದು. ಇಷ್ಟಾದರೂ ಒಂದು ಮೊಳೆಯಷ್ಟು ಲೋಹವೂ ಎರಕಗೊಂಡಿರುವುದಿಲ್ಲ.

ಕಳೆ ಕೊಚ್ಚುವ ಯಂತ್ರದ ವಿಷಯವೂ ಹಾಗೆಯೇ. ಅದರ ಹಿಡಿಯ ಅಗಲ, ಹೆಗಲಪಟ್ಟಿಯ ಉದ್ದ, ಅಲಗಿನಿಂದ ಕಾಲಿಗಿರುವ ಅಂತರ, ಇವೆಲ್ಲ ಬೇರೆ ದೇಶದ ದೇಹಗಳಿಗೂ ಸಮತಟ್ಟಾದ ಹುಲ್ಲುಬಯಲುಗಳಿಗೂ ಒಪ್ಪುವಂತೆ ನಿಶ್ಚಯವಾದರೆ, ಇಳಿಜಾರಿನಲ್ಲಿ ಓರೆಯಾಗಿ ನಿಂತು ದುಡಿಯುವ ನಮ್ಮವರ ಸೊಂಟವು ಅದಕ್ಕೆ ದಂಡ ತೆರಬೇಕಾಗುವುದು. ಕೈಗೆ ಬಹುಕಾಲ ತಗುಲುವ ಕಂಪನದಿಂದ ಬೆರಳುಗಳ ರಕ್ತಸಂಚಾರವೂ ಸಂವೇದನೆಯೂ ಕೆಡುವುವೆಂಬುದು ವೈದ್ಯರು ಚೆನ್ನಾಗಿ ಬಲ್ಲ ವಿಷಯ. ನಮ್ಮ ದೇಹದ ಅಳತೆಗಳು ದೊರೆಯುವುದಿಲ್ಲವೆಂಬ ನೆಪವೂ ಈಗ ಉಳಿದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿಯೇ ಭಾರತೀಯರ ದೇಹಮಾನಗಳ ಗ್ರಂಥವನ್ನು ಹೊರತಂದಿತು. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು 2009ರಲ್ಲಿ ಕೃಷಿ ಕಾರ್ಮಿಕರ ದೇಹದ ಅಳತೆಗಳನ್ನೂ ಬಲದ ಅಳತೆಗಳನ್ನೂ, ಹೆಂಗಸರವನ್ನೂ ಸೇರಿಸಿ, ಪ್ರಕಟಿಸಿತು. ಅಂಕಿಗಳಿವೆ. ಆದರೆ ಅಂಕಿಗಳು ನಿಂತ ಮನುಷ್ಯನನ್ನು ಅಳೆದವು. ನಡೆಯುವ, ಬಾಗುವ, ಜಾರಿ ಸಾವರಿಸಿಕೊಳ್ಳುವ ಮನುಷ್ಯನನ್ನು ನೋಡುವುದಕ್ಕೆ ಆ ಅಂಕಿಗಳ ಜೊತೆಗೆ ಈ ಕೋಣೆಯೂ ಅವಶ್ಯವು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಅರಿಯದವರಲ್ಲ. ಬಡ ದೇಶಕ್ಕೆ ಇಂತಹ ಇಂದ್ರಜಾಲವು ಏಕೆ, ನಾಲ್ಕು ಏಣಿಗಳನ್ನು ಮಾಡಿಸಿ ತೋಟದಲ್ಲಿಯೇ ಪರೀಕ್ಷಿಸಬಾರದೇ ಎಂದು ಕೆಲವರು ಕೇಳುವರು. ಏಣಿಯು ನಾಲ್ಕೇ ಆದರೆ ಹಾಗೆಯೇ ಮಾಡತಕ್ಕುದು. ಆದರೆ ನಲವತ್ತು ಬಗೆಯ ರೂಪಗಳನ್ನು ಕಟ್ಟಿ ನೋಡುವ ಹಣವು ಯಾರಲ್ಲಿಯೂ ಇಲ್ಲದಿರುವುದರಿಂದಲೇ, ಮೊದಲು ಹೊಳೆದ ರೂಪವು ಅಂಗಡಿಗೆ ಬಂದುಬಿಡುವುದು. ಅಲ್ಲದೆ ತಂತಿಯ ಕೆಳಗೆ ಪ್ರಾಣವನ್ನು ಪಣವಾಗಿಟ್ಟು ಪರೀಕ್ಷೆ ಮಾಡಿರೆಂದು ಯಾರಿಗೂ ಹೇಳಲಾಗದು. ಇನ್ನು ಕೆಲವರು, ಭಾಸಲೋಕದ ಯಂತ್ರವನ್ನು ಧರಿಸಿದರೆ ತಲೆ ಸುತ್ತಿ ವಾಕರಿಕೆ ಬರುವುದೆನ್ನುವರು. ಕೆಲವರಿಗೆ ಬರುವುದು ನಿಜ. ಅಂತಹವರನ್ನು ಬಲವಂತಪಡಿಸಲಾಗದು, ಉಳಿದವರನ್ನೂ ಬಹಳ ಹೊತ್ತು ಅದರಲ್ಲಿರಿಸಲಾಗದು. ಮೂರನೆಯ ಆಕ್ಷೇಪವೇ ನಮ್ಮ ಮನಸ್ಸಿಗೆ ಹೆಚ್ಚು ತೂಕದ್ದಾಗಿ ಕಾಣುವುದು. ಹತ್ತು ನಿಮಿಷದ ಭಾಸದಲ್ಲಿ ಎಂಟು ಗಂಟೆಯ ದಣಿವು ತಿಳಿಯದು. ಮಳೆಯಲ್ಲಿ ನೆನೆದ ಮೆಟ್ಟಿಲಿನ ಜಾರು, ಕಾಲಿಗೆ ಹತ್ತಿದ ಜಿಗಣೆ, ಬೆವರು ಕಣ್ಣಿಗಿಳಿಯುವ ಉರಿ, ಇವು ಯಾವ ಯಂತ್ರದಲ್ಲಿಯೂ ದೊರೆಯುವುದಿಲ್ಲ. ಇದನ್ನು ನಾವು ಪೂರ್ಣವಾಗಿ ಒಪ್ಪುವೆವು. ಆದುದರಿಂದಲೇ, ಈ ಕೋಣೆಯು ತೋಟದ ಪರೀಕ್ಷೆಗೆ ಬದಲಲ್ಲ, ಅದರ ಬಾಗಿಲು ಮಾತ್ರ ಎಂದು ಹೇಳುತ್ತೇವೆ. ಮೂವತ್ತಾರು ಕೆಟ್ಟ ರೂಪಗಳನ್ನು ಬಾಗಿಲಲ್ಲಿಯೇ ತಡೆದು, ಉಳಿದ ನಾಲ್ಕನ್ನು ಮಳೆಗೂ ಕೆಸರಿಗೂ ಒಪ್ಪಿಸುವುದು ಅದರ ಕೆಲಸ. ಕೋಣೆಯಲ್ಲಿ ಗೆದ್ದುದನ್ನೇ ಪ್ರಮಾಣವೆಂದು ಸಾರಿ ತೋಟವನ್ನು ಬಿಟ್ಟುಬಿಟ್ಟರೆ, ಹಳೆಯ ಮೇಜಿನ ತಪ್ಪನ್ನೇ ಹೊಸ ಕನ್ನಡಕವನ್ನು ಹಾಕಿಕೊಂಡು ಮಾಡಿದಂತಾಗುವುದು.

ಇನ್ನೊಂದು ಮಾತು. ಈ ಕೋಣೆಗೆ ಯಾರನ್ನು ಕರೆಯಬೇಕು? ತೋಟದ ಮಾಲಿಕರನ್ನೂ ಯಂತ್ರದ ವ್ಯಾಪಾರಿಗಳನ್ನೂ ಕರೆದು, ಅವರಿಂದ ಒಂದೆರಡು ಬಾರಿ ಬೀಸಿಸಿ, ಚಿತ್ರ ತೆಗೆಸಿಕೊಂಡು, ಸಮಾರಂಭವನ್ನು ಮುಗಿಸಿದರೆ ಪ್ರಯೋಜನವಿಲ್ಲ. ಕಾಯಿ ಕೊಯ್ಯುವ ಹೆಂಗಸರು, ಮರವೇರುವ ಯರವ, ಕುರುಬ ಜನರು, ದೂರದ ಅಸ್ಸಾಮಿನಿಂದ ಬಂದ ಆಳುಗಳು, ಇವರು ಅಲ್ಲಿಗೆ ಬರಬೇಕು. ಅವರೊಡನೆ ಅವರವರ ಮಾತಿನಲ್ಲಿಯೇ ಸಂಭಾಷಣೆ ನಡೆಯಬೇಕು. ಪರೀಕ್ಷೆಯ ದಿನಕ್ಕೆ ಪೂರ್ಣ ಕೂಲಿ ಸಲ್ಲಬೇಕು. ಅವರು ಅಲ್ಲಿ ಆಳುಗಳಲ್ಲ, ಪರೀಕ್ಷಕರು. ಅವರ ಕೈಯ ಚಲನೆಗಳನ್ನು ಯಂತ್ರವು ಬರೆದಿಟ್ಟುಕೊಳ್ಳುವುದಷ್ಟೆ. ಆ ಬರಹವನ್ನು ಉಪಕರಣವನ್ನು ತಿದ್ದುವುದಕ್ಕೆ ಬಳಸಬೇಕೇ ಹೊರತು, ಇವನು ಗಂಟೆಗೆ ಇಷ್ಟು ಕೊಯ್ಯಬಲ್ಲನೆಂದು ಲೆಕ್ಕ ಹಾಕಿ ದುಡಿಮೆಯ ಪ್ರಮಾಣವನ್ನು ಏರಿಸುವುದಕ್ಕೆ ಬಳಸಕೂಡದು. ಈ ಕಟ್ಟನ್ನು ಮೊದಲೇ ಬರೆದಿಡದಿದ್ದರೆ, ಕೈಗೆ ನೆರವಾಗಬೇಕಾದ ವಿದ್ಯೆಯೇ ಕೈಗೆ ಕೋಳವಾಗುವ ಭಯವುಂಟು.

ಚೆಟ್ಟಳ್ಳಿಯನ್ನು ನಾವು ಸುಮ್ಮನೆ ಹೆಸರಿಸಿದವರಲ್ಲ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವು 1946ರಿಂದ ಇಲ್ಲಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗಕೇಂದ್ರವೂ ಇಲ್ಲಿಯೇ ಇದ್ದು, ಕೊಡಗಿನ ಕಿತ್ತಳೆಯ ವಿಷಯದಲ್ಲಿ ದುಡಿದುದಲ್ಲದೆ, ಅರ್ಕಾ ಕೂರ್ಗ್ ಅರುಣ್ ಮುಂತಾದ ರಂಬುಟಾನ್ ತಳಿಗಳನ್ನೂ ನಾಡಿಗೆ ಕೊಟ್ಟಿದೆ. ಗಿಡದ ಬೇರು, ಎಲೆ, ಹಣ್ಣು, ಹುಳು, ಇವುಗಳ ವಿಷಯದಲ್ಲಿ ಇಷ್ಟು ಕಾಲದಿಂದ ಇಷ್ಟು ಶ್ರದ್ಧೆಯು ನಡೆದಿರುವ ಊರಿನಲ್ಲಿ, ಆ ಗಿಡವನ್ನು ಮುಟ್ಟುವ ಕೈಯ ವಿಷಯದಲ್ಲಿಯೂ ಅಷ್ಟೇ ಶ್ರದ್ಧೆಯು ನಡೆಯುವುದು ನ್ಯಾಯವಲ್ಲವೇ? ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಜಿಲ್ಲೆಯು ಇಷ್ಟನ್ನು ಕೇಳಿದರೆ ಅದು ಅತ್ಯಾಶೆಯಾಗಲಾರದು.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ಈ ಎರಡು ಕೇಂದ್ರಗಳೂ ಕೂಡಿ ಚೆಟ್ಟಳ್ಳಿಯಲ್ಲಿ ಒಂದು ಕೋಣೆಯನ್ನು ಒದಗಿಸಲಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ವಿನ್ಯಾಸ ವಿಭಾಗದವರು ವಿದ್ಯೆಯನ್ನು ಕೊಡಲಿ. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಮರದ ಮಾದರಿಗಳನ್ನು ಕಟ್ಟುವ, ತೋಟದ ನೆಲವನ್ನು ಅಳೆದು ಭಾಸಲೋಕಕ್ಕೆ ಇಳಿಸುವ ಕೆಲಸವನ್ನು ವಹಿಸಿಕೊಳ್ಳಲಿ. ಅವರ ಓದಿಗೆ ಇದಕ್ಕಿಂತ ಉತ್ತಮವಾದ ಪರೀಕ್ಷೆಯು ದೊರೆಯಲಾರದು. ಮೊದಲ ವರ್ಷ ಏಣಿಯೊಂದನ್ನೇ ತೆಗೆದುಕೊಳ್ಳಲಿ. ಕೊನೆಯದಾಗಿ, ಸಾರ್ವಜನಿಕರ ಹಣದಿಂದ ತೋಟದ ಉಪಕರಣಗಳಿಗೆ ಸಹಾಯಧನವನ್ನು ಕೊಡುವಾಗಲೆಲ್ಲ, ಆ ಉಪಕರಣವನ್ನು ದುಡಿಯುವವರು ಪರೀಕ್ಷಿಸಿ ಒಪ್ಪಿರುವರೇ ಎಂಬ ಒಂದು ಪ್ರಶ್ನೆಯನ್ನು ಅರ್ಜಿಯಲ್ಲಿ ಸೇರಿಸಲಿ. ಇದಕ್ಕೆ ಹೊಸ ಇಲಾಖೆಯು ಬೇಡ, ಹೊಸ ಕಾನೂನೂ ಬೇಡ.

ಸ್ವದೇಶಿಯೆಂದರೆ ನಮ್ಮ ದೇಶದ ಕಾರ್ಖಾನೆಯ ಮುದ್ರೆಯನ್ನು ವಸ್ತುವಿನ ಮೇಲೆ ಒತ್ತುವುದಷ್ಟೇ ಅಲ್ಲ. ನಮ್ಮ ದೇಶದ ಕೈಗೆ ಅದು ಹೊಂದುವಂತೆ ಮಾಡುವುದು. ಕುಲುಮೆಯ ಮುಂದೆ ನಿಂತ ರೈತನಿಗೆ ಕಮ್ಮಾರನು ಕೇಳುತ್ತಿದ್ದ ಪ್ರಶ್ನೆಯನ್ನು ಮರಳಿ ಕೇಳುವ ಅನುಕೂಲವು ಈಗ ದೊರೆತಿದೆ. ಬರುವ ಮೆಣಸಿನ ಕೊಯ್ಲಿನೊಳಗಾಗಿ ಅಧಿಕಾರಿಗಳು ಈ ವಿಷಯವನ್ನು ಕೈಗೆತ್ತಿಕೊಳ್ಳುವರೆಂದು ಆಶಿಸುತ್ತೇವೆ. ನಾಲ್ಕು ಸಾಲಿನ ಆ ಸುದ್ದಿಯನ್ನು ಮತ್ತೊಮ್ಮೆ ಅಚ್ಚು ಹಾಕುವ ಇಚ್ಛೆಯು ನಮಗಿಲ್ಲ.